ಧ್ಯಾನದ ಆಡಿಯೋದಲ್ಲಿ ನಮ್ಮ ಮಲೆನಾಡೂ ಬರಲಿ

ಮಾನ್ಯ ಸಂಪಾದಕರೇ,

ಟೆನ್ಷನ್ ಜಾಸ್ತಿ ಆಗಿದೆ ಅಂತ ಡಾಕ್ಟರ ಹತ್ತಿರ ಹೋದರೆ ಮಾತ್ರೆ ಚೀಟಿಯ ಜೊತೆಗೆ "ಸ್ವಲ್ಪ ಧ್ಯಾನ ಮಾಡಿ" ಅನ್ನುವ ಮಾತೂ ಈಗ ಸಿಗುತ್ತದೆ. ಒಳ್ಳೆಯದೇ. ಆದರೆ ಮನೆಗೆ ಬಂದು ಕಣ್ಣು ಮುಚ್ಚಿ ಕುಳಿತರೆ ಸೊಸೈಟಿ ಸಾಲ, ಅಡಿಕೆ ತೋಟದ ಎಲೆಚುಕ್ಕಿ ರೋಗ, ಬೆಂಗಳೂರಿನಲ್ಲಿರುವ ಮಗನ ಕೆಲಸ, ಎಲ್ಲವೂ ತಲೆಯೊಳಗೆ ಇನ್ನೂ ಜೋರಾಗಿ ಓಡಾಡಲು ಶುರು ಮಾಡುತ್ತವೆ. ಸುಮ್ನೆ ಕೂರುವುದು ಎಲ್ಲರಿಗೂ ಬರುವುದಿಲ್ಲ. ಅಂಥವರಿಗೆ ಗೈಡೆಡ್ ಇಮೇಜರಿ ಅನ್ನುವ ಧ್ಯಾನ ಸುಲಭ. ಒಬ್ಬರು ನಿಧಾನವಾಗಿ ಹೇಳುತ್ತಾ ಹೋಗುತ್ತಾರೆ. ಕೇಳುವವರು ಕಣ್ಣು ಮುಚ್ಚಿಕೊಂಡು ತಮಗೆ ಹಿತವಾದ ಒಂದು ಜಾಗವನ್ನು, ಅದರ ಬಣ್ಣ, ಸದ್ದು, ವಾಸನೆ, ತಂಪಿನ ಸಮೇತ ಮನಸ್ಸಿನೊಳಗೆ ಕಟ್ಟಿಕೊಳ್ಳುತ್ತಾರೆ. ಹತ್ತು ಹದಿನೈದು ನಿಮಿಷ, ಅಷ್ಟೇ.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು. ಈಗ ತೀರ್ಥಹಳ್ಳಿ ಹತ್ತಿರದ ನಮ್ಮೂರಿನಲ್ಲಿ ಸ್ವಸಹಾಯ ಸಂಘದ ಹೆಂಗಸರಿಗೆ, ಅಕ್ಕಪಕ್ಕದ ಮನೆಗಳ ಹಿರಿಯರಿಗೆ ಇದನ್ನು ಹೇಳಿಕೊಡುತ್ತಿದ್ದೇನೆ. ಪತ್ರ ಬರೆಯಲು ಕಾರಣ ಒಂದೇ. ಇದು ನಮ್ಮವರಿಗೆ ನಿಜವಾಗಿ ಉಪಯೋಗಕ್ಕೆ ಬರಬೇಕಾದರೆ ನಮ್ಮ ಆಡುಮಾತಿನಲ್ಲಿ, ನಮ್ಮ ಜಾಗಗಳನ್ನು ಇಟ್ಟುಕೊಂಡು ಬರಬೇಕು.

ಮೊಬೈಲ್‌ನಲ್ಲಿ ಹುಡುಕಿದರೆ ಈ ಥರದ ಆಡಿಯೋ ಬೇಕಾದಷ್ಟು ಸಿಗುತ್ತವೆ. ನಾನು ಕೇಳಿದವುಗಳಲ್ಲಿ ಹೆಚ್ಚಿನವು ಬಿಳಿ ಮರಳಿನ ಸಮುದ್ರ ತೀರದಲ್ಲೇ ಶುರುವಾಗುತ್ತವೆ, ಇಲ್ಲವೇ ಹಿಮ ಬಿದ್ದ ಪೈನ್ ಮರದ ಕಾಡಿನಲ್ಲಿ. ಕನ್ನಡದಲ್ಲಿ ಇರುವುದೂ ಅದನ್ನೇ ನೋಡಿ ಬರೆದ ಹಾಗೆ, ಪಾಠ ಓದಿದ ದನಿಯಲ್ಲಿ ಇರುತ್ತದೆ. ನಮ್ಮ ಸಂಘದಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಘಟ್ಟ ಇಳಿದು ಸಮುದ್ರ ನೋಡಿದ್ದೇ ಅಪರೂಪ. ಆಡಿಯೋ ಕೇಳಿ ಕಣ್ಣು ಬಿಟ್ಟು, "ಕಾಲಿಗೆ ಮರಳು ಅಂಟಿ ಕಿರಿಕಿರಿ ಆಗಿದ್ದೇ ನೆನಪಾಗ್ತದೆ ಮಾರಾಯ್ತಿ" ಅಂದರು. ಅವರ ಮಾತು ಸರಿಯಾಗಿದೆ. ನೆನಪಿನಲ್ಲಿ ಇಲ್ಲದ ಜಾಗವನ್ನು ಕಟ್ಟಿಕೊಳ್ಳಲು ಮನಸ್ಸು ಒದ್ದಾಡಬೇಕಾಗುತ್ತದೆ. ಒದ್ದಾಡುತ್ತಾ ಮೈ ಸಡಿಲ ಮಾಡುವುದು ಹೇಗೆ?

ಬರೀ ಕಲ್ಪನೆಯಿಂದ ಮೈಗೆ ಏನಾಗುತ್ತೆ ಅಂತ ಕೇಳುವವರೂ ಇದ್ದಾರೆ. ಅವರಿಗೆ ನಾನು ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿ ನೆನೆಸಿಕೊಳ್ಳಲು ಹೇಳುತ್ತೇನೆ. ಭರಣಿಯ ಮುಚ್ಚಳ ತೆಗೆದಾಗಿನ ಆ ಸೊನೆಯ ವಾಸನೆ, ಮಿಡಿ ಕಚ್ಚಿದಾಗಿನ ಹುಳಿ. ಓದುತ್ತಿರುವಾಗಲೇ ಬಾಯಲ್ಲಿ ನೀರು ಬಂತು ಅಲ್ವಾ? ಉಪ್ಪಿನಕಾಯಿ ಎದುರಿಗೆ ಇಲ್ಲ, ಆದರೂ ಮೈ ತನ್ನ ಕೆಲಸ ಶುರು ಮಾಡಿತು. ಕಣ್ಣಾರೆ ನೋಡುವಾಗ ಕೆಲಸ ಮಾಡುವ ಮಿದುಳಿನ ಹಲವು ಭಾಗಗಳು ಮನಸ್ಸಿನಲ್ಲಿ ಚಿತ್ರ ಕಟ್ಟುವಾಗಲೂ ಕೆಲಸ ಮಾಡುತ್ತವೆ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ 1930ರ ಆಸುಪಾಸಿನಲ್ಲೇ ಇದನ್ನು ಇನ್ನೊಂದು ರೀತಿಯಲ್ಲಿ ಅಳೆದು ತೋರಿಸಿದ್ದರು. ಕೈ ಮಡಚುವುದನ್ನು ಸುಮ್ನೆ ಕಲ್ಪಿಸಿಕೊಂಡರೂ ಆ ಕೈಯ ಸ್ನಾಯುವಿನಲ್ಲಿ ಚೂರು ವಿದ್ಯುತ್ ಚಟುವಟಿಕೆ ಕಾಣುತ್ತದೆ.

ಚಿಂತೆಯೂ ಕಲ್ಪನೆಯೇ. ರಾತ್ರಿ ಹನ್ನೆರಡಕ್ಕೆ ಎಚ್ಚರವಾಗಿ, ಈ ವರ್ಷ ಫಸಲು ಕೈಕೊಟ್ಟರೆ ಅಂತ ಯೋಚನೆ ಹತ್ತಿದರೆ, ಫಸಲು ಇನ್ನೂ ಮರದಲ್ಲೇ ಇದ್ದರೂ ಎದೆ ಹೊಡೆದುಕೊಳ್ಳುತ್ತದೆ. ಅಡ್ರಿನಾಲಿನ್, ಕಾರ್ಟಿಸಾಲ್ ಅನ್ನುವ ಹಾರ್ಮೋನ್‌ಗಳು ಏರುತ್ತವೆ, ಬಿಪಿ ಏರುತ್ತದೆ, ಕುತ್ತಿಗೆ ಭುಜ ಬಿಗಿಯುತ್ತವೆ, ಹೊಟ್ಟೆ ಕೆಡುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗೆ ಶುಗರೂ ಏರುತ್ತದೆ. ದಿನಾ ಹೀಗೇ ಆದರೆ ನಿದ್ದೆ ಹೋಯಿತು, ನಿದ್ದೆ ಹೋದರೆ ಮತ್ತೆಲ್ಲವೂ ಹೋಯಿತು. ಇದೇ ದಾರಿಯಲ್ಲಿ ಹಿಂದಕ್ಕೂ ಬರಬಹುದು. ಹಿತವಾದ ಜಾಗವನ್ನು ಗಟ್ಟಿಯಾಗಿ ಕಟ್ಟಿಕೊಂಡು ಅಲ್ಲೇ ಸ್ವಲ್ಪ ಹೊತ್ತು ಉಳಿದರೆ ಉಸಿರು ನಿಧಾನವಾಗುತ್ತದೆ, ಎದೆಬಡಿತ ಇಳಿಯುತ್ತದೆ, ಸ್ನಾಯುಗಳು ಸಡಿಲವಾಗುತ್ತವೆ. ಒತ್ತಡಕ್ಕೆ ಎದುರಾದ ಈ ವಿಶ್ರಾಂತಿಯ ಸ್ಥಿತಿಯ ಬಗ್ಗೆ ಹಾರ್ವರ್ಡ್‌ನ ಹೃದಯ ತಜ್ಞ ಹರ್ಬರ್ಟ್ ಬೆನ್ಸನ್ 1970ರ ದಶಕದಲ್ಲೇ ಬರೆದಿದ್ದಾರೆ. ನಮ್ಮ ಹಿರಿಯರಿಗೆ ಇದು ತೀರಾ ಹೊಸದೂ ಅಲ್ಲ. ಮಾನಸ ಪೂಜೆ ಮಾಡುವವರು ಕೈಯಲ್ಲಿ ಒಂದು ಹೂವೂ ಇಲ್ಲದೆ ಅಭಿಷೇಕದಿಂದ ಮಂಗಳಾರತಿವರೆಗೆ ಎಲ್ಲವನ್ನೂ ಮನಸ್ಸಿನಲ್ಲೇ ಮಾಡಿ ಮುಗಿಸುತ್ತಾರೆ. ಹಾಗಂತ ಇದಕ್ಕೆ ಜಾತಿ ಧರ್ಮದ ಗೊಡವೆ ಇಲ್ಲ, ಯಾರು ಬೇಕಾದರೂ ಮಾಡಬಹುದು.

ಯಾವುದಕ್ಕೆ ಸಹಾಯ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಅನ್ನುವುದನ್ನು ನೇರವಾಗಿ ಹೇಳಬೇಕು. ಆಪರೇಷನ್‌ಗೆ ಮುಂಚಿನ ಹೆದರಿಕೆ, ಟೆನ್ಷನ್‌ನಿಂದ ಬರುವ ತಲೆನೋವು, ಬಹಳ ದಿನದಿಂದ ಕಾಡುವ ನೋವು, ನಿದ್ದೆ ಬಾರದಿರುವುದು, ಇವುಗಳಲ್ಲಿ ಹಲವರಿಗೆ ಇದರಿಂದ ಆರಾಮ ಸಿಕ್ಕಿದೆ. ಕೀಮೋ ತೆಗೆದುಕೊಳ್ಳುವವರ ಆತಂಕ, ವಾಕರಿಕೆಗೂ ಇದನ್ನು ಬಳಸುತ್ತಾರೆ. ಆದರೆ ಗಡ್ಡೆ ಕರಗುವುದನ್ನು ಕಲ್ಪಿಸಿಕೊಂಡರೆ ಕ್ಯಾನ್ಸರ್ ಗುಣವಾಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಬರುವುದನ್ನು ದಯವಿಟ್ಟು ನಂಬಬೇಡಿ. 1970ರ ದಶಕದಲ್ಲಿ ಅಮೆರಿಕದ ಕಾರ್ಲ್ ಸೈಮಂಟನ್ ಅನ್ನುವ ಕ್ಯಾನ್ಸರ್ ವೈದ್ಯರು ಇಂಥ ಕಲ್ಪನೆಯನ್ನು ಬಹಳ ಪ್ರಚಾರಕ್ಕೆ ತಂದರು. ಅದರಿಂದ ಗಡ್ಡೆ ಕರಗುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ಬಿಪಿ ಮಾತ್ರೆ, ಶುಗರ್ ಮಾತ್ರೆ, ಇನ್ಸುಲಿನ್, ಯಾವುದನ್ನೂ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಧ್ಯಾನ ಶುರು ಮಾಡಿದೆ ಅಂತ ಮಾತ್ರೆ ಬಿಟ್ಟು, ಲಕ್ವ ಹೊಡೆದ ಮೇಲೆ ವಾರ್ಡಿಗೆ ಬಂದವರನ್ನು ನಾನು ನೋಡಿದ್ದೇನೆ. ಈಗಲೂ ನೆನೆದರೆ ಸಂಕಟವಾಗುತ್ತದೆ.

ನಮ್ಮ ಸಂಘದಲ್ಲಿ ಹೇಳಿಕೊಡುವುದು ಹೀಗೆ. ಗೋಡೆಗೆ ಒರಗಿ ಕುಳಿತರೂ ಸರಿ, ಚಾಪೆ ಮೇಲೆ ಮಲಗಿದರೂ ಸರಿ. ಮೊದಲು ಉಸಿರು, ಒಳಗೆ ಎಳೆದದ್ದಕ್ಕಿಂತ ಹೊರಗೆ ಬಿಡುವುದು ಸ್ವಲ್ಪ ಉದ್ದ ಇರಲಿ. ಪಾದದಿಂದ ಶುರು ಮಾಡಿ ಮೊಣಕಾಲು, ಸೊಂಟ, ಭುಜ ಅಂತ ಒಂದೊಂದಾಗಿ ಸಡಿಲ ಬಿಡುತ್ತಾ ದವಡೆಯವರೆಗೆ ಬರುತ್ತೇವೆ. ಹಲ್ಲು ಕಚ್ಚಿಕೊಂಡೇ ಇರುವುದು ಎಷ್ಟೋ ಜನಕ್ಕೆ ಆಗಲೇ ಗೊತ್ತಾಗುವುದು. ಆಮೇಲೆ ನಾನು ನಿಧಾನವಾಗಿ ಹೇಳುತ್ತೇನೆ. "ಹೊರಗೆ ಮಳೆ ಹೊಯ್ಯುತ್ತಿದೆ. ನೀವು ಅಜ್ಜನ ಮನೆಯ ಬಚ್ಚಲ ಒಲೆ ಮುಂದೆ ಕೂತಿದ್ದೀರಿ. ಹಂಡೆಯಲ್ಲಿ ನೀರು ಕಾಯುತ್ತಿದೆ, ಅದರ ಸಣ್ಣ ಸದ್ದು ಕೇಳಿ. ಅಂಗೈ ಬೆಂಕಿಗೆ ಹಿಡಿಯಿರಿ, ಮೊದಲು ಬೆರಳ ತುದಿ ಬೆಚ್ಚಗಾಗುತ್ತದೆ, ಆಮೇಲೆ ಅಂಗೈ. ಒದ್ದೆ ಕಟ್ಟಿಗೆಯ ಹೊಗೆ ವಾಸನೆ ಬರುತ್ತಿದೆ. ಮೇಲೆ ಹೆಂಚಿನ ಮೇಲೆ ಮಳೆ. ನೀವು ಈಗ ಏನೂ ಮಾಡಬೇಕಾಗಿಲ್ಲ." ಹೀಗೆ ಹೇಳಿ ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ಆ ಸುಮ್ಮನಿರುವ ಹೊತ್ತೇ ಮುಖ್ಯ, ಎಷ್ಟೋ ಆಡಿಯೋಗಳಲ್ಲಿ ಒಂದು ನಿಮಿಷವೂ ಬಿಡದೆ ಮಾತಾಡುತ್ತಾರೆ. ಕೊನೆಗೆ ಕೈಕಾಲು ಬೆರಳು ಆಡಿಸಿ, ಮಗ್ಗುಲಾಗಿ, ನಿಧಾನವಾಗಿ ಏಳಬೇಕು. ಬಿಪಿ ಮಾತ್ರೆ ತೆಗೆದುಕೊಳ್ಳುವವರು ದಡಕ್ಕನೆ ಎದ್ದರೆ ತಲೆ ತಿರುಗಬಹುದು. ಇನ್ನೊಂದು ಮಾತು, ಬೈಕ್, ಕಾರು ಓಡಿಸುವಾಗ ಇಂಥ ಆಡಿಯೋ ಹಾಕಿಕೊಳ್ಳಲೇಬಾರದು.

ಮಲೆನಾಡಿನ ಜಾಗ ಅಂದ ಕೂಡಲೇ ತೋಟ, ಹೊಳೆ, ಕಾಡು ಅಂತ ಹಾಕಿಬಿಟ್ಟರೂ ಆಗುವುದಿಲ್ಲ. ಪೇಟೆಯಿಂದ ಬಂದವರಿಗೆ ಕಾಡು ಅಂದರೆ ನೆಮ್ಮದಿ. ನಮ್ಮ ಶಿವಮೊಗ್ಗ ಮಂಗನ ಕಾಯಿಲೆ ಮೊದಲು ಪತ್ತೆಯಾದ ಜಿಲ್ಲೆ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಆ ಕಾಯಿಲೆಗೆ ಮನೆಯವರನ್ನು ಕಳೆದುಕೊಂಡವರಿಗೆ "ಒಣ ಎಲೆಗಳ ಮೇಲೆ ನಡೆಯುತ್ತಾ ಕಾಡಿನೊಳಗೆ ಹೋಗಿ" ಅಂದರೆ ನೆನಪಾಗುವುದು ಅದನ್ನು ಹರಡುವ ಉಣುಗು. ತುಂಗೆಯಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ಹೊಳೆಯ ಸದ್ದು ಹಿತವಲ್ಲ. ಅಡಿಕೆ ಬೆಳೆಗಾರರಿಗೆ ತೋಟ ಅಂದರೆ ಎಲೆಚುಕ್ಕಿ, ಕೊಳೆರೋಗ, ಬೋರ್ಡೋ ಔಷಧಿ ಹೊಡೆಯುವ ಆಳಿನ ಚಿಂತೆ. ಆದ್ದರಿಂದ ಹೇಳಿಕೊಡುವವರು ಮೊದಲೇ ಕೇಳಬೇಕು, ನಿಮಗೆ ಹಿತವಾದ ಜಾಗ ಯಾವುದು ಅಂತ. ನಮ್ಮಲ್ಲಿ ಒಬ್ಬರು ಚಿಕ್ಕಂದಿನಲ್ಲಿ ನೋಡಿದ ಮಂಡಗದ್ದೆಯ ಬೆಳ್ಳಕ್ಕಿಗಳನ್ನು ಆರಿಸಿಕೊಂಡರು, ಇನ್ನೊಬ್ಬರು ಸಾಗರದ ಜಾತ್ರೆಯ ಗದ್ದಲವನ್ನು. ಗದ್ದಲದಲ್ಲಿ ನೆಮ್ಮದಿ ಸಿಗುತ್ತದಾ ಅಂತ ಕೇಳಿದ್ದಕ್ಕೆ "ಅಲ್ಲಿ ಅಪ್ಪ ಕೈ ಹಿಡ್ಕೊಂಡಿದ್ರು" ಅಂದರು.

ಕೆಲವರಿಗೆ ಕಣ್ಣು ಮುಚ್ಚಿದರೆ ಚಿತ್ರವೇ ಬರುವುದಿಲ್ಲ. ಅದು ಕಾಯಿಲೆ ಅಲ್ಲ, ಕೆಲವರ ಮಿದುಳು ಇರುವುದೇ ಹಾಗೆ. ಇದಕ್ಕೆ ಅಫ್ಯಾಂಟೇಸಿಯ ಅಂತ ಹೆಸರಿಟ್ಟಿದ್ದು 2015ರಲ್ಲಿ. ಅಂಥವರು ಚಿತ್ರ ಬಿಟ್ಟು ಸದ್ದು, ವಾಸನೆ, ಮೈಗೆ ತಾಗುವ ಬಿಸಿ ತಂಪು ನೆನೆಸಿಕೊಂಡರೆ ಸಾಕು. ಕಣ್ಣು ಮುಚ್ಚಿದ ಕೂಡಲೇ ಹಳೆಯ ಆಘಾತ ಮರುಕಳಿಸಿ ಕೈಕಾಲು ನಡುಗುವವರು, ಇಲ್ಲದ ದನಿಗಳು ಕೇಳಿಸುವವರು ಮಾತ್ರ ಇದನ್ನು ಒಬ್ಬರೇ ಮಾಡಬಾರದು, ಮನೋವೈದ್ಯರನ್ನು ಕೇಳಿಯೇ ಮಾಡಬೇಕು. ಆಸ್ಪತ್ರೆಗೆ ಹೋಗಲು ಹಿಂಜರಿಕೆ ಇದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾಗಿದೆ. ದುಡ್ಡು ಇಲ್ಲ, ದಿನದ ಯಾವ ಹೊತ್ತಿಗೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಆಗುಂಬೆ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಜೂನ್‌ನಿಂದ ಆಗಸ್ಟ್‌ವರೆಗೆ ಎಷ್ಟೋ ಸಲ ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಇರುವುದಿಲ್ಲ, ಮಕ್ಕಳೆಲ್ಲ ಊರು ಬಿಟ್ಟ ಮನೆಗಳಲ್ಲಿ ವಯಸ್ಸಾದವರು ಇಬ್ಬರೇ ಕೂತಿರುತ್ತಾರೆ. ಅವರಿಗೆ ಆ್ಯಪ್ ತೋರಿಸಿ ಪ್ರಯೋಜನ ಇಲ್ಲ. ಸೆಲ್ ಹಾಕಿದ ರೇಡಿಯೋ ಮಾತ್ರ ಹಾಡುತ್ತಿರುತ್ತದೆ. ಆದ್ದರಿಂದ ಆಕಾಶವಾಣಿ ಭದ್ರಾವತಿಯವರಿಗೆ ನನ್ನದೊಂದು ಕೋರಿಕೆ. ರಾತ್ರಿ ಮಲಗುವ ಹೊತ್ತಿಗೆ ಹದಿನೈದು ನಿಮಿಷ, ವಾರಕ್ಕೊಂದು ದಿನವಾದರೂ, ಮಲೆನಾಡಿನ ಮಾತಿನಲ್ಲಿ ಇಂಥ ಧ್ಯಾನವನ್ನು ಪ್ರಸಾರ ಮಾಡಿ. ಒಬ್ಬ ಮನೋವೈದ್ಯರು ನೋಡಿ ಒಪ್ಪಿದ ಬರಹವೇ ಇರಲಿ. ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂರಿಸಬೇಕು ಅನ್ನುವ ನಿಯಮ ಇದೆ. ಸರತಿಯ ಗಡಿಬಿಡಿಯಲ್ಲಿ ಅದು ನಡೆಯುವುದು ಕಡಿಮೆ. ಆ ಐದು ನಿಮಿಷಕ್ಕೆ ಒಂದು ಸಣ್ಣ ಆಡಿಯೋ ಹಾಕಲು ಏನೂ ಖರ್ಚಿಲ್ಲ.

ನಿಮ್ಮ ಪತ್ರಿಕೆಗೂ ಒಂದು ಕೆಲಸ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಭಾನುವಾರದ ಪುರವಣಿಯಲ್ಲಿ ಅರ್ಧ ಪುಟ ಕೊಡಿ, ಮನೆಯವರೊಬ್ಬರು ಇನ್ನೊಬ್ಬರಿಗೆ ಓದಿ ಹೇಳುವ ಹಾಗೆ ಇಂಥದ್ದೊಂದು ಬರಹ ಹಾಕಿ. ಗೊತ್ತಿಲ್ಲದವರ ದನಿಗಿಂತ ಮೊಮ್ಮಗಳ ದನಿಯಲ್ಲಿ ಕೇಳಿದರೆ ಅಜ್ಜಿಗೆ ಬೇಗ ಹಿಡಿಸುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನೂ ಗುರುತು ಹಾಕಿ. ಅಕ್ಷರ ದೊಡ್ಡದಾಗಿರಲಿ, ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುವ ಹಾಗೆ.

ಇಂತಿ,
ನಿವೃತ್ತ ಸ್ಟಾಫ್ ನರ್ಸ್, ತೀರ್ಥಹಳ್ಳಿ ತಾಲ್ಲೂಕು