ಮಗಳಿಗೊಂದು ಪತ್ರ: ನೆಲದಿಂದ ಎರಡು ಬೆರಳು ಮೇಲೆ

ಚಿ. ಸೌ. ಪುಟ್ಟಿಗೆ ನಿನ್ನ ಅಮ್ಮನ ಆಶೀರ್ವಾದಗಳು.

ಇಲ್ಲಿ ಅಜ್ಜಿಯೂ ನಾನೂ ಕ್ಷೇಮವಾಗಿದ್ದೇವೆ. ಭಾನುವಾರ ಊಟದ ಹೊತ್ತಿನಲ್ಲಿ ಅಳಿಯಂದಿರ ಎದುರು ದನಿ ಏರಿಸಿದ್ದಕ್ಕೆ ನನಗೆ ಬೇಸರವಿದೆ. ಅವರಿಗೂ ಹಾಗೆಂದು ಹೇಳು. ಫೋನಿನಲ್ಲಿ ಮಾತು ತೆಗೆದರೆ ಅದು ಮತ್ತೆ ಜಗಳಕ್ಕೇ ಬಂದು ನಿಲ್ಲುತ್ತದೆ ಎಂದು ಈ ಪತ್ರ ಬರೆಯುತ್ತಿದ್ದೇನೆ. ವಿಜಯದಶಮಿಗೆ ನೀನು ಮೆಚ್ಚಿದ ಡಿಸೈರ್ ಸೆಡಾನ್ ಮನೆಗೆ ಬರಬೇಕಾದರೆ ಈ ವಾರವೇ ಮುಂಗಡ ಕಟ್ಟಬೇಕೆಂದು ನೀನು ಹೇಳಿದೆಯಲ್ಲ, ಕಟ್ಟುವ ಮೊದಲು ಇದನ್ನು ಪೂರ್ತಿಯಾಗಿ ಓದು.

ಸೆಡಾನ್ ಬೇಡ, ಎತ್ತರದ ಗಾಡಿ ಕೊಳ್ಳು ಎಂದು ನಾನು ಹೇಳಿದ್ದಕ್ಕೆ, ಅದು ಬರೀ ಡೌಲು ಎಂದು ನೀನು ಅಂದೆ. ಉಳಿದವರ ವಿಷಯ ನನಗೆ ಬೇಡ. ನನ್ನ ಎತ್ತರದ ಎಸ್‌ಯುವಿ ಬ್ರೆಝಾ ನನಗೆ ಕೊಟ್ಟ ಸಮಾಧಾನ ಎಂಥದ್ದೆಂದು ಹೇಳುತ್ತೇನೆ. ಅಪ್ಪನ ಹಳೆಯ ಸೆಡಾನ್ ಓಡಿಸುತ್ತಿದ್ದಷ್ಟು ವರ್ಷವೂ ನನ್ನ ಕಣ್ಣು ನೆಲದ ಮೇಲೇ ಇರುತ್ತಿತ್ತು. ಗುಂಡಿ ಎಲ್ಲಿದೆ, ಜಲಮಂಡಳಿಯವರು ಅಗೆದು ಮುಚ್ಚಿದ ಜಾಗ ಎಷ್ಟು ಕುಸಿದಿದೆ, ಮುಂದಿನ ಹಂಪ್ ಎಷ್ಟು ಎತ್ತರವಿದೆ ಎಂಬುದನ್ನೇ ಲೆಕ್ಕ ಹಾಕುತ್ತಾ, ಮುಂದೆ ಹೋಗುತ್ತಿರುವವರು ಬ್ರೇಕ್ ಹಾಕಿದ್ದು ಕಂಡಾಗ ಬೆಚ್ಚಿಬೀಳುತ್ತಿದ್ದೆ. ಈಗ ನನ್ನ ಕಣ್ಣು ನೆಲವನ್ನು ಬಿಟ್ಟು ದಾರಿಯ ಮೇಲೆ ನಿಂತಿದೆ. ಮುಂದಿನ ಕಾರಿನ ಆಚೆಗಿನ ಕಾರು ಕಾಣುತ್ತದೆ, ಬಸ್ಸಿನ ಮರೆಯಿಂದ ರಸ್ತೆ ದಾಟಲು ಕಾಲಿಡುವವರು ಕಾಣುತ್ತಾರೆ. ಈ ವಯಸ್ಸಿನಲ್ಲಿ ರಾಜಾಜಿನಗರದಿಂದ ನಿಮ್ಮ ಸರ್ಜಾಪುರ ರಸ್ತೆಯವರೆಗೆ ಒಬ್ಬಳೇ ಗಾಡಿ ಓಡಿಸಿಕೊಂಡು ಬಂದು, ಬೆನ್ನು ಹಿಡಿದುಕೊಳ್ಳದೆ ಇಳಿಯುತ್ತೇನೆಂಬುದು ನನಗೆ ಹೆಮ್ಮೆಯ ವಿಷಯ, ಪುಟ್ಟಿ. ಅದನ್ನು ಡೌಲು ಎಂದದ್ದು ನನಗೆ ನೋವಾಯಿತು.

ನಮ್ಮ ಬೀದಿಯ ಹಂಪ್ ಅನ್ನು ನೀನೂ ಕಂಡಿದ್ದೀಯ. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆಯ ಪ್ರಕಾರ ಹಂಪ್ ಸುಮಾರು 3.7 ಮೀಟರ್ ಅಗಲವಿದ್ದು, 10 ಸೆಂಟಿಮೀಟರ್ ಎತ್ತರಕ್ಕೆ ನಿಧಾನವಾಗಿ ಏರಿ ಇಳಿಯಬೇಕು. ನಮ್ಮದು ರಾತ್ರೋರಾತ್ರಿ ಯಾರೋ ಹಾಕಿಸಿದ ಡಾಂಬರಿನ ದಿಣ್ಣೆ. ಅಪ್ಪನ ಕಾರಿನಲ್ಲಿ ನಾಲ್ವರು ಕುಳಿತರೆ ಅದರ ತಳ ಅಲ್ಲಿ ಉಜ್ಜದೆ ದಾಟುತ್ತಿರಲಿಲ್ಲ. ಅಜ್ಜಿಗೆ ಮಂಡಿ ನೋವು ಜೋರಾಗಿದ್ದ ಕಾಲದಲ್ಲಿ ಆಸ್ಪತ್ರೆಗೆ ಹೊರಟಾಗಲೂ ಹಂಪಿನ ಈಚೆ ಅವರನ್ನು ಇಳಿಸಿ, ಖಾಲಿ ಕಾರನ್ನು ಓರೆಯಾಗಿ ಒಂದೊಂದೇ ಚಕ್ರ ಹತ್ತಿಸಿ ದಾಟಿಸಿ, ಆಚೆ ಮತ್ತೆ ಹತ್ತಿಸಿಕೊಳ್ಳಬೇಕಿತ್ತು. ಹಾಗೆ ಹತ್ತುವಾಗ ಅವರು ಒಂದು ಕೈಯಲ್ಲಿ ಬಾಗಿಲನ್ನೂ ಇನ್ನೊಂದು ಕೈಯಲ್ಲಿ ನನ್ನ ಭುಜವನ್ನೂ ಹಿಡಿದು, ಕೊನೆಯ ಒಂದು ಗೇಣಿನಲ್ಲಿ ಕೈ ಬಿಟ್ಟು ಸೀಟಿನೊಳಗೆ ಬಿದ್ದುಬಿಡುತ್ತಿದ್ದರು. ಬೀಳುವಾಗ "ರಾಮಾ" ಎನ್ನುತ್ತಿದ್ದರು. ಈಗ ಸೀಟು ಅವರ ಸೊಂಟದ ಮಟ್ಟಕ್ಕೇ ಇದೆ. ಬಾಗಿಲ ಬಳಿ ನಿಂತು ಪಕ್ಕಕ್ಕೆ ಕುಳಿತು ಕಾಲೆತ್ತಿ ಒಳಗಿಟ್ಟುಕೊಂಡರೆ ಮುಗಿಯಿತು.

ಎತ್ತರದ ಗಾಡಿ ನಿಮ್ಮ ಪಾರ್ಕಿಂಗಿನಲ್ಲಿ ಹಿಡಿಸುವುದಿಲ್ಲ ಎಂಬ ನಿನ್ನ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ನೀನು ನೋಡಿರುವ ಡಿಸೈರ್‌ನ ಉದ್ದ 3,995 ಮಿಲಿಮೀಟರ್. ನನ್ನ ಬ್ರೆಝಾದ ಉದ್ದವೂ ಅಷ್ಟೇ. 2006ರ ಬಜೆಟ್ಟಿನಲ್ಲಿ ಸಣ್ಣ ಎಂಜಿನ್ ಇದ್ದು ನಾಲ್ಕು ಮೀಟರ್ ಮೀರದ ಕಾರುಗಳ ಅಬಕಾರಿ ಸುಂಕವನ್ನು ಇಳಿಸಿದ ಮೇಲೆ ಕಂಪನಿಗಳು ಆ ಗೆರೆಯ ಒಳಗೇ ಸೆಡಾನನ್ನೂ ಎಸ್‌ಯುವಿಯನ್ನೂ ಮಾಡಲು ಕಲಿತವು. ನೆಲದಿಂದಿರುವ ಅಂತರ ನೋಡಿದರೆ ಡಿಸೈರ್‌ನದು 163 ಮಿಲಿಮೀಟರ್, ಬ್ರೆಝಾದ್ದು 198. ವ್ಯತ್ಯಾಸ ಹೆಚ್ಚುಕಡಿಮೆ ಎರಡು ಬೆರಳಿನಷ್ಟು. ಇಷ್ಟಕ್ಕೆ ಇಷ್ಟು ಮಾತೇ ಎಂದು ನೀನು ಕೇಳಬಹುದು. ನಮ್ಮ ಬೀದಿಯ ಹಂಪಿಗೆ ಬೇಕಾಗಿದ್ದದ್ದು ಆ ಎರಡು ಬೆರಳೇ.

ಇನ್ನೊಂದು ವಿಷಯವನ್ನು ಭಾನುವಾರ ಹೇಳಲು ಹೊರಟು ಹೇಳದೆ ಬಿಟ್ಟೆ. ನೀನು ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ, ನಿನ್ನ ಪರೀಕ್ಷೆಯ ದಿನಗಳಲ್ಲಿ, ಬ್ಯಾಂಕಿನಿಂದ ಮನೆಗೆ ಬರುತ್ತಾ ಓಕಳಿಪುರದ ಕಡೆಯ ರೈಲ್ವೆ ಅಂಡರ್‌ಪಾಸಿನಲ್ಲಿ ನಾನು ಸಿಕ್ಕಿಕೊಂಡೆ. ಅಪ್ಪ ನಿನಗೆ ಹೇಳಬೇಡವೆಂದರು; ಆಮೇಲೆ ಹೇಳುವ ಸಂದರ್ಭವೇ ಬರಲಿಲ್ಲ. ಮೇ ತಿಂಗಳ ಮಳೆ, ಸಂಜೆಯ ಕತ್ತಲು. ಮುಂದೆ ಹೋಗುತ್ತಿದ್ದ ಕಾರುಗಳು ದಾಟುತ್ತಿದ್ದವು, ನಾನೂ ಹೊರಟೆ. ನಡುವೆ ಬಂದಾಗ ಎದುರಿನಿಂದ ಬಂದ ಬಸ್ಸು ಎಬ್ಬಿಸಿದ ಅಲೆ ಬಾನೆಟ್ ಮೇಲೆ ಹತ್ತಿ ಗಾಜಿಗೆ ಬಡಿಯಿತು, ಎಂಜಿನ್ ನಿಂತುಹೋಯಿತು. ಬಾಗಿಲಿನ ಕೆಳಗಿನಿಂದ ನೀರು ಒಳಗೆ ಬಂದು ಮ್ಯಾಟನ್ನು ಎತ್ತಿತು, ನನ್ನ ಚಪ್ಪಲಿ ಪೆಡಲಿನ ಪಕ್ಕ ತೇಲತೊಡಗಿತು. ಬಾಗಿಲು ತಳ್ಳಿದರೆ ಹೊರಗಿನ ನೀರು ಅದನ್ನು ಹಿಂದಕ್ಕೆ ಒತ್ತುತ್ತಿತ್ತು. ಒಬ್ಬ ಆಟೋದವರೂ ಇಬ್ಬರು ಹುಡುಗರೂ ಬಂದು ಹಿಂದಿನಿಂದ ತಳ್ಳುವವರೆಗೆ ನಾನು ಸ್ಟೀರಿಂಗ್ ಹಿಡಿದು ಸುಮ್ಮನೆ ಕುಳಿತಿದ್ದೆ. ಅಷ್ಟು ಕೆಳಗೆ ಕುಳಿತಾಗ ನೀರು ನಮ್ಮ ಮಡಿಲ ಮಟ್ಟಕ್ಕೇ ಇದೆಯೆನ್ನಿಸುತ್ತದೆ. ನಿನ್ನ ಹೆಸರನ್ನು ಗಟ್ಟಿಯಾಗಿ ಹೇಳಿಕೊಂಡದ್ದು ನೆನಪಿದೆ; ಯಾಕೆಂದು ಗೊತ್ತಿಲ್ಲ, ನೀನಂತೂ ಮೈಸೂರಿನಲ್ಲಿ ಕ್ಷೇಮವಾಗಿದ್ದೆ.

2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಮಳೆನೀರಿಗೆ ಸಿಕ್ಕ ಕಾರಿನಲ್ಲಿದ್ದ ಸಾಫ್ಟ್‌ವೇರ್ ಉದ್ಯೋಗಿ ಹುಡುಗಿ ತೀರಿಕೊಂಡ ಸುದ್ದಿಯನ್ನು ಟಿವಿಯಲ್ಲಿ ನೋಡಿ ನಾನು ನಿನಗೆ ಒಂದರ ಹಿಂದೊಂದು ಕರೆ ಮಾಡಿದ್ದು, ನೀನು ಮೀಟಿಂಗಿನಲ್ಲಿದ್ದೇನೆ ಎಂದು ರೇಗಿದ್ದು ನೆನಪಿದೆಯೇ? ಆಗ ನನ್ನ ಕಣ್ಣ ಮುಂದಿದ್ದದ್ದು ಓಕಳಿಪುರದ ಆ ಚಪ್ಪಲಿ. ಈಗಲೂ ಮಧ್ಯಾಹ್ನ ಮೋಡ ಕವಿದರೆ ನೀನು ಆಫೀಸಿನಿಂದ ಹೊರಟೆಯೋ ಇಲ್ಲವೋ ಎಂದು ಯೋಚಿಸುತ್ತೇನೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಕೆರೆಯಂತಾಗಿ, ಸರ್ಜಾಪುರ ರಸ್ತೆಯ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲೂ ದೋಣಿಯಲ್ಲೂ ಹೊರಗೆ ತಂದದ್ದನ್ನು ನೋಡಿಯೂ ನೀವು ಅಲ್ಲೇ ಮನೆ ಮಾಡಿದಿರಿ. ಆಫೀಸು ಹತ್ತಿರವೆಂದು ಗೊತ್ತು. ಅದನ್ನು ಮತ್ತೆ ಎತ್ತುವುದಿಲ್ಲ.

ಹಾಗೆಂದು ಎತ್ತರದ ಗಾಡಿ ಇದ್ದರೆ ನೀರಿಗೆ ಇಳಿಯಬಹುದೆಂದು ನಾನು ಹೇಳುತ್ತಿಲ್ಲ, ಖಂಡಿತ ಇಳಿಯಕೂಡದು. ನೆಲದಿಂದಿರುವ ಅಂತರ ಬೇರೆ, ಗಾಡಿ ಎಷ್ಟು ಆಳದ ನೀರನ್ನು ದಾಟಬಲ್ಲದು ಎಂಬುದು ಬೇರೆ. ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಗೆ ನೀರು ಹೋದರೆ ಅದು ಸಿಲಿಂಡರಿನೊಳಗೆ ಸೇರುತ್ತದೆ. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಪಿಸ್ಟನ್ ಮೇಲೆ ಬರುವಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಅಲ್ಲಿಗೇ ಮುಗಿಯುತ್ತದೆ. ನೀರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡ. ಹಾಗೆ ಮಾಡಿ ಹಾಳಾದ ಎಂಜಿನ್ನಿಗೆ ಸಾಮಾನ್ಯ ವಿಮೆಯಲ್ಲಿ ಹಣ ಬರುವುದಿಲ್ಲ. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆಯನ್ನು ಪಾಲಿಸಿಯಲ್ಲಿ ಸೇರಿಸಿಕೊಳ್ಳಬೇಕು, ಯಾವ ಕಾರು ಕೊಂಡರೂ ಸೇರಿಸಿಕೋ. ಹರಿಯುವ ನೀರು ಒಂದಡಿ ಇದ್ದರೂ ಸಣ್ಣ ಕಾರನ್ನು ಎಳೆದೊಯ್ಯಬಲ್ಲದು. ಅಂಡರ್‌ಪಾಸಿನಲ್ಲಿ ನೀರು ಕಂಡರೆ ಮೇಲೇ ನಿಲ್ಲಿಸು, ಹಿಂದಿನವರು ಎಷ್ಟೇ ಹಾರ್ನ್ ಮಾಡಲಿ. ಉಪದೇಶ ಜಾಸ್ತಿಯಾಯಿತೆಂದು ನಿನಗನ್ನಿಸುತ್ತಿರಬಹುದು, ಆದರೂ ಬರೆದೇ ಬರೆಯುತ್ತೇನೆ. ಎತ್ತರ ಕೊಡುವ ಉಪಕಾರ ಇಷ್ಟೇ: ಇಳಿಜಾರಿನ ಕೊನೆಯಲ್ಲಿ ನಿಂತ ನೀರು ಎರಡು ಗಾಡಿಗಳ ಆಚೆಯಿಂದಲೇ ಕಣ್ಣಿಗೆ ಬೀಳುತ್ತದೆ, ನಿಲ್ಲಿಸಲು ಸಮಯ ಸಿಗುತ್ತದೆ. ಅಂದು ನನಗೆ ಮುಂದಿನ ಕಾರಿನ ಹಿಂಭಾಗದ ಹೊರತು ಏನೂ ಕಾಣುತ್ತಿರಲಿಲ್ಲ.

ನೀನು ಹೇಳಿದ ಮಾತುಗಳಲ್ಲಿ ನಿಜವಿದೆ. ಡಿಸೈರ್‌ನ ಸಾಮಾನಿಡುವ ಡಿಕ್ಕಿ 382 ಲೀಟರು, ನನ್ನದು 328. ಮೈಲೇಜಿನಲ್ಲಿ ಅದು ಬಹಳ ಮುಂದೆ. 2024ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಅಪಘಾತ ಸುರಕ್ಷತೆಯ ಪರೀಕ್ಷೆಯಲ್ಲಿ ಹೊಸ ಡಿಸೈರ್‌ಗೆ ಐದು ಸ್ಟಾರ್ ಬಂದದ್ದೂ ಸಣ್ಣ ವಿಷಯವಲ್ಲ. ತಗ್ಗಿನ ಕಾರು ಹೆದ್ದಾರಿಯ ತಿರುವಿನಲ್ಲಿ ನೆಲಕ್ಕೆ ಅಂಟಿಕೊಂಡು ಹೋಗುತ್ತದೆ, ನನ್ನದು ಸ್ವಲ್ಪ ವಾಲುತ್ತದೆ. ಅದಕ್ಕೇ ನಾನು ತಿರುವಿನಲ್ಲಿ ವೇಗ ತಗ್ಗಿಸುತ್ತೇನೆ. ಆದರೆ ವರ್ಷದಲ್ಲಿ ನೀನು ಹೆದ್ದಾರಿಯಲ್ಲಿರುವುದು ಹಬ್ಬಕ್ಕೆ ಊರಿಗೆ ಹೋದಾಗ ಮಾತ್ರ. ಉಳಿದ ದಿನವೆಲ್ಲಾ ನೀನಿರುವುದು ಬೆಳ್ಳಂದೂರು, ಕಾಡುಬೀಸನಹಳ್ಳಿ, ಮಾರತಹಳ್ಳಿಗಳ ನಡುವೆ, ಮೆಟ್ರೋ ಕಾಮಗಾರಿಯ ಪಕ್ಕದಲ್ಲಿ.

ಬ್ರೆಝಾವನ್ನೇ ಕೊಳ್ಳು ಎಂಬ ಹಠವೂ ನನಗಿಲ್ಲ. ಭಾರತದಲ್ಲಿ ತಯಾರಾದ ಕಾರುಗಳಲ್ಲಿ ಆ ಪರೀಕ್ಷೆಯಲ್ಲಿ ಮೊದಲು, 2018ರ ಡಿಸೆಂಬರಿನಲ್ಲಿ, ಐದು ಸ್ಟಾರ್ ಪಡೆದದ್ದು ಟಾಟಾದವರ ಎತ್ತರದ ಗಾಡಿ ನೆಕ್ಸಾನ್. ಬೆಲೆಯ ದೃಷ್ಟಿಯಿಂದಲೂ ಒಂದು ಮಾತು: 2025ರ ಸೆಪ್ಟೆಂಬರ್ 22ರಿಂದ, ನಾಲ್ಕು ಮೀಟರಿನೊಳಗಿದ್ದು 1,200 ಸಿಸಿ ಮೀರದ ಪೆಟ್ರೋಲ್ ಎಂಜಿನ್ ಇರುವ ಕಾರುಗಳಿಗೆ ಜಿಎಸ್‌ಟಿ ಶೇ 18 ಮಾತ್ರ. ನೆಕ್ಸಾನ್, ವೆನ್ಯೂ, ಸೋನೆಟ್‌ಗಳ ಸಣ್ಣ ಪೆಟ್ರೋಲ್ ಎಂಜಿನ್ನಿನ ಮಾದರಿಗಳು ಇದರಲ್ಲಿ ಬರುತ್ತವೆ. ನನ್ನದು ಒಂದೂವರೆ ಲೀಟರಿನ ಎಂಜಿನ್ ಆದ್ದರಿಂದ ಈ ಲಾಭ ಅದಕ್ಕಿಲ್ಲ. ಬ್ಯಾಂಕಿನಲ್ಲಿ ಸಾಲದ ಕಡತ ನೋಡಿದ ಕಣ್ಣಿದು, ಲೆಕ್ಕ ನೋಡದೆ ಹೇಳುವುದಿಲ್ಲ.

ಸೆಡಾನ್ ಎಂದರೆ ನಿನಗೆ ಅಪ್ಪನ ಕಾರು ಎಂಬುದು ನನಗೆ ತಿಳಿದಿದೆ. ಅಪ್ಪ ಹೋದ ಮೇಲೆ ಆ ಕಾರನ್ನು ಕೊಟ್ಟ ದಿನದ ಬಗ್ಗೆ ಇಲ್ಲಿ ಬರೆಯುವುದಿಲ್ಲ, ನಮ್ಮಿಬ್ಬರಿಗೂ ಗೊತ್ತಿರುವುದೇ. ಅಪ್ಪ ಆ ಕಾರನ್ನು ಕೊಂಡಾಗ ಈ ಊರಿನಲ್ಲಿ ಇಷ್ಟು ಹಂಪುಗಳಿರಲಿಲ್ಲ, ಇಷ್ಟು ಅಂಡರ್‌ಪಾಸುಗಳೂ ಇರಲಿಲ್ಲ ಎಂಬುದನ್ನು ಮಾತ್ರ ಯೋಚಿಸು.

ಶನಿವಾರ ಬೆಳಿಗ್ಗೆ ಇಬ್ಬರೂ ಬನ್ನಿ. ಅಜ್ಜಿಯನ್ನೂ ಕರೆದುಕೊಂಡು ಎರಡು ಶೋರೂಮುಗಳಿಗೂ ಹೋಗೋಣ. ಎರಡರಲ್ಲೂ ನಾಲ್ವರೂ ಕುಳಿತು, ನೀನೇ ಓಡಿಸಿ, ನಮ್ಮ ಬೀದಿಯ ಹಂಪನ್ನು ಒಮ್ಮೆ ದಾಟಿಸಿ ನೋಡು. ಆಮೇಲೂ ನಿನಗೆ ಡಿಸೈರೇ ಬೇಕೆನ್ನಿಸಿದರೆ ಅದಕ್ಕೇ ಮುಂಗಡ ಕಟ್ಟು, ಮತ್ತೆ ನಾನು ಮಾತೆತ್ತುವುದಿಲ್ಲ. ಮಳೆ ಇದ್ದರೆ ಶುಕ್ರವಾರ ರಾತ್ರಿ ಹೊರಡಬೇಡಿ, ಬೆಳಿಗ್ಗೆಯೇ ಬನ್ನಿ, ಹೊರಡುವಾಗ ಒಂದು ಫೋನ್ ಮಾಡು.

ಇತಿ,
ನಿನ್ನ ಅಮ್ಮ