ಲಿಂಡ್‌ಬರ್ಗ್ ಉಪನ್ಯಾಸಕ್ಕೆ ನೆರವಾದವರಿಗೆ ಕೃತಜ್ಞತೆಗಳು

ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ವಿಮಾನಯಾನದ ಇತಿಹಾಸವನ್ನು ಕುರಿತು ನಾನು ಕನ್ನಡದಲ್ಲಿ ನೀಡುತ್ತಿದ್ದ ಉಪನ್ಯಾಸಮಾಲೆ ಕಳೆದ ಭಾನುವಾರ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಕುರಿತಾದ ಮಾತಿನೊಂದಿಗೆ ಮುಕ್ತಾಯಗೊಂಡಿತು. ನಡುವೆ ನನ್ನ ಆರೋಗ್ಯ ಕೈಕೊಟ್ಟು ಮಾಲೆ ಅಲ್ಲಿಗೇ ನಿಲ್ಲುವಂತಾಗಿತ್ತು. ಆಗ ಕಾದವರಿಗೆ, ಕೇಳಿದವರಿಗೆ, ತಿದ್ದಿದವರಿಗೆ ಎಲ್ಲರೆದುರು ವಂದನೆ ಸಲ್ಲಿಸುವುದು ನನ್ನ ಕರ್ತವ್ಯವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ವಂದನೆ ಗ್ರಂಥಪಾಲಕಿಯವರಿಗೆ. 1927ರಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸಿಗೆ ಮೂವತ್ಮೂರೂವರೆ ಗಂಟೆ ಒಬ್ಬಂಟಿಯಾಗಿ ಹಾರಿದ ಇಪ್ಪತ್ತೈದರ ತರುಣನ ಕಥೆಯನ್ನು ಎಲ್ಲರೂ ಕೇಳಿದ್ದಾರೆ, ಆಮೇಲೆ ಆತ ಏನಾದ ಎಂಬುದನ್ನು ಹೇಳಿ ಎಂದವರು ಅವರೇ. ಹಾಗಾಗಿ ನಾನು ಆರಿಸಿಕೊಂಡದ್ದು 1944ರ ಲಿಂಡ್‌ಬರ್ಗ್ ಅವರನ್ನು. ಅಮೆರಿಕ ಯುದ್ಧಕ್ಕೆ ಇಳಿಯಬಾರದೆಂದು ಊರೂರು ಸುತ್ತಿ ಭಾಷಣ ಮಾಡಿ, ಅಧ್ಯಕ್ಷ ರೂಸ್‌ವೆಲ್ಟ್ ಅವರ ಕೋಪಕ್ಕೆ ಗುರಿಯಾಗಿ, 1941ರ ಏಪ್ರಿಲ್‌ನಲ್ಲಿ ಕರ್ನಲ್ ಹುದ್ದೆಗೆ ರಾಜೀನಾಮೆ ಕೊಟ್ಟಿದ್ದ ಅವರು, ಪರ್ಲ್ ಹಾರ್ಬರ್ ದಾಳಿಯ ನಂತರ ಸೇನೆಗೆ ಮರಳಲು ಯತ್ನಿಸಿದಾಗ ಸರ್ಕಾರ ಬಾಗಿಲು ತೆರೆಯಲಿಲ್ಲ. ಅವರು ಫೋರ್ಡ್ ಕಂಪನಿಯ ವಿಲೋ ರನ್ ಕಾರ್ಖಾನೆಯಲ್ಲಿ ಬಾಂಬರ್ ವಿಮಾನಗಳ ತಯಾರಿಕೆಗೆ ಸಲಹೆಗಾರರಾದರು. ಬಳಿಕ ಯುನೈಟೆಡ್ ಏರ್‌ಕ್ರಾಫ್ಟ್ ಸಂಸ್ಥೆಯ ತಾಂತ್ರಿಕ ಪ್ರತಿನಿಧಿಯಾಗಿ, ಆ ಸಂಸ್ಥೆಯ ಕೋರ್ಸೇರ್ ಯುದ್ಧವಿಮಾನ ರಣರಂಗದಲ್ಲಿ ಹೇಗೆ ವರ್ತಿಸುತ್ತದೆ ಎಂಬುದನ್ನು ನೋಡುವ ನೆಪದಲ್ಲಿ ಪೆಸಿಫಿಕ್ ಸೇರಿದರು. ನೆಪ ಎಂದು ಬೇಕೆಂದೇ ಬರೆದಿದ್ದೇನೆ. ನೋಡುವುದಷ್ಟೇ ಕೆಲಸವಾಗಿದ್ದರೆ, ಸೇನೆಯ ಲೆಕ್ಕದಲ್ಲಿ ನಾಗರಿಕನೇ ಆಗಿದ್ದ ನಲವತ್ತೆರಡರ ಮನುಷ್ಯ ಇಪ್ಪತ್ತರ ಆಸುಪಾಸಿನ ಹುಡುಗರ ಜೊತೆ ಜಪಾನೀಯರ ನೆಲೆಯಾಗಿದ್ದ ರಬೌಲ್ ಮೇಲಿನ ದಾಳಿಗಳಿಗೆ ಹೋಗುವ ಅಗತ್ಯವಿರಲಿಲ್ಲ.

ಎರಡನೆಯ ವಂದನೆ, ಹೆಸರು ಹಾಕಬೇಡಿ ಎಂದು ತಾಕೀತು ಮಾಡಿರುವ, ಎಚ್‌ಎಎಲ್‌ನಲ್ಲಿ ಎಚ್‌ಟಿ-2 ತರಬೇತಿ ವಿಮಾನಗಳ ಪಿಸ್ಟನ್ ಎಂಜಿನ್ ಬಿಚ್ಚಿ ಜೋಡಿಸಿ ನಿವೃತ್ತರಾದ ನಮ್ಮ ಹಿರಿಯರಿಗೆ. (ಆ ಕಾರ್ಖಾನೆಗೂ ಈ ಕಥೆಗೂ ದೂರದ ನಂಟಿದೆ: ಯುದ್ಧದ ವರ್ಷಗಳಲ್ಲಿ ಅಮೆರಿಕದ ವಿಮಾನಗಳು ದುರಸ್ತಿಗೆಂದು ಬೆಂಗಳೂರಿಗೆ ಬರುತ್ತಿದ್ದವು.) ಲಿಂಡ್‌ಬರ್ಗ್ ಅವರು ನ್ಯೂಗಿನಿಯಲ್ಲಿ ಅಮೆರಿಕದ 475ನೇ ಫೈಟರ್ ಗ್ರೂಪ್ ಎಂಬ ಪಡೆಯನ್ನು ಸೇರಿ ಅವಳಿ ಎಂಜಿನ್ನಿನ ಪಿ-38 ಯುದ್ಧವಿಮಾನ ಹಾರಿಸತೊಡಗಿದಾಗ, ಒಂದೇ ದಾಳಿಗೆ ಹೋಗಿ ಬಂದರೂ ಅವರ ಟ್ಯಾಂಕಿನಲ್ಲಿ ಉಳಿದವರಿಗಿಂತ ಹೆಚ್ಚು ಇಂಧನ ಮಿಗುತ್ತಿತ್ತು. ಎಂಜಿನ್ನಿನ ಸುತ್ತನ್ನು ನಿಮಿಷಕ್ಕೆ 1600ಕ್ಕೆ ಇಳಿಸಿ, ಮ್ಯಾನಿಫೋಲ್ಡ್ ಒತ್ತಡವನ್ನು (ಎಂಜಿನ್ನಿನೊಳಗೆ ಹೋಗುವ ಗಾಳಿಯ ಒತ್ತಡ) ಏರಿಸಿ, ಇಂಧನ ಕಡಿಮೆಯಿರುವ ತೆಳು ಮಿಶ್ರಣದಲ್ಲಿ ಹಾರುವುದು ಅವರ ಕ್ರಮ. ನನ್ನ ಟಿಪ್ಪಣಿಯಲ್ಲಿ ಇದು ಬರಿಯ ಅಂಕಿಗಳ ಸಾಲಾಗಿತ್ತು. ಸ್ಕೂಟರನ್ನು ಟಾಪ್ ಗೇರಿಗೆ ಹಾಕಿ ಎಂಜಿನ್ ಚೀರದಂತೆ ನಿಧಾನ ಓಡಿಸಿದ ಹಾಗೆ ಎಂದು ಹಿರಿಯರು ಒಂದೇ ಮಾತಿನಲ್ಲಿ ಬಿಡಿಸಿಟ್ಟರು. ಎಂಜಿನ್ ಕೆಟ್ಟೀತು ಎಂಬ ತರುಣ ಪೈಲಟ್‌ಗಳ ಅಂಜಿಕೆ ಸಕಾರಣವೇ ಆಗಿತ್ತೆಂದೂ, ಹಾಗೆ ಹಾರಿಸಲು ಅಳತೆಗಳ ಮೇಲೆ ಸದಾ ಕಣ್ಣಿಟ್ಟಿರುವ ತಾಳ್ಮೆ ಬೇಕೆಂದೂ ಅವರೇ ವಿವರಿಸಿದರು. ಆರೇಳು ಗಂಟೆಗಳ ಹಾರಾಟ ಒಂಬತ್ತು ಗಂಟೆಗೆ ಹಿಗ್ಗಿತು. ಅಲ್ಲಿಯವರೆಗೆ ಎಟುಕದ ಗುರಿಗಳು ಎಟುಕಿದವು. ಆ ಪಡೆಗೆ ಲಿಂಡ್‌ಬರ್ಗ್ ಅವರಿಂದಾದ ದೊಡ್ಡ ಉಪಕಾರ ಇದು. 1944ರ ಜುಲೈ 28ರಂದು ಸೆರಾಮ್ ದ್ವೀಪದ ಬಳಿ ಅವರು ಒಂದು ಜಪಾನೀ ವಿಮಾನವನ್ನು ಹೊಡೆದುರುಳಿಸಿದ್ದು ಪ್ರಸಿದ್ಧವಾದರೂ ನನ್ನ ತಕ್ಕಡಿಯಲ್ಲಿ ಅದಕ್ಕಿಂತ ಇದೇ ತೂಕದ್ದು.

ಮೂರನೆಯ ವಂದನೆ, ಸಭೆಯ ನಡುವೆ ಎದ್ದು ನಿಂತು ಪ್ರಶ್ನೆ ಕೇಳಿದ ನಿವೃತ್ತ ಇತಿಹಾಸ ಮೇಡಂ ಅವರಿಗೆ. 1938ರಲ್ಲಿ ಹಿಟ್ಲರನ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಕೈಯಿಂದ ನಾಜಿ ಪದಕ ಪಡೆದು ಅದನ್ನು ಮರಳಿಸದವನನ್ನು, 1941ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಡೆ ಮೊಯಿನ್ ನಗರದಲ್ಲಿ ನಿಂತು ದೇಶವನ್ನು ಯುದ್ಧಕ್ಕೆ ತಳ್ಳುತ್ತಿರುವವರ ಪಟ್ಟಿಯಲ್ಲಿ ಯಹೂದಿಗಳ ಹೆಸರು ಹೇಳಿದವನನ್ನು ಸಾಹಸಿ ಎಂದಷ್ಟೇ ಕರೆದು ಮುಂದೆ ಹೋಗಬಹುದೇ ಎಂದು ಅವರು ಕೇಳಿದರು. ಹೋಗಬಾರದು ಎಂದೇ ನನ್ನ ಉತ್ತರವಾಗಿತ್ತು. ಪೆಸಿಫಿಕ್‌ನಲ್ಲಿ ನಡೆಸಿದ ಐವತ್ತು ಯುದ್ಧ ಹಾರಾಟಗಳು ಆ ಭಾಷಣವನ್ನು ಅಳಿಸುವುದಿಲ್ಲ. ಆದರೆ ಇದೇ ಮನುಷ್ಯ, ತನ್ನ ಕಡೆಯ ಸೈನಿಕರು ಜಪಾನೀ ಮೃತದೇಹಗಳನ್ನು ನಡೆಸಿಕೊಂಡ ಬಗೆಗೆ ಹೇಸಿ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ ಎಂಬುದನ್ನೂ ಹೇಳಬೇಕಾಯಿತು. ಆ ಚರ್ಚೆಯಿಂದಾಗಿ ನನ್ನ ಸಿದ್ಧ ಭಾಷಣದ ಕೊನೆಯ ಭಾಗ ಹೇಳದೆ ಉಳಿದುಹೋಯಿತು. ಅದಕ್ಕೂ ಮೇಡಂ ಅವರಿಗೆ ಧನ್ಯವಾದ, ಏಕೆಂದರೆ ಅದು ಬರೀ ಹೊಗಳಿಕೆಯಾಗಿತ್ತು.

ಉಳಿದುಹೋದ ಒಂದು ಸಂಗತಿಯನ್ನು ಮಾತ್ರ ಇಲ್ಲಿ ಸೇರಿಸುತ್ತೇನೆ. 1944ರ ಆಗಸ್ಟ್ 1ರಂದು ಪಲಾವ್ ದ್ವೀಪಗಳ ಮೇಲೆ ಜಪಾನೀ ಫೈಟರ್ ಒಂದು ಲಿಂಡ್‌ಬರ್ಗ್ ಅವರ ಬೆನ್ನು ಹತ್ತಿ ಗುಂಡು ಹಾರಿಸಿತು. ಜೊತೆಗಾರರು ಬಂದು ಬಿಡಿಸಿದರು. ಅವರನ್ನು ಅಲ್ಲಿಗೆ ಕರೆದೊಯ್ದ ತಪ್ಪಿಗೆ ಗ್ರೂಪಿನ ಮುಖ್ಯಸ್ಥ ಚಾರ್ಲ್ಸ್ ಮೆಕ್‌ಡೊನಾಲ್ಡ್ ಅವರನ್ನು ಕೆಲಕಾಲ ಊರಿಗೆ ಕಳುಹಿಸಲಾಯಿತು. ಹಠ ಒಬ್ಬರದು, ದಂಡ ಇನ್ನೊಬ್ಬರದು.

ನಕ್ಷೆಗಳನ್ನು ಪರದೆಯ ಮೇಲೆ ಮೂಡಿಸಿಕೊಟ್ಟ ಪ್ರೌಢಶಾಲೆಯ ಹುಡುಗರಿಗೆ, ನನ್ನ ಅಡ್ಡಾದಿಡ್ಡಿ ಬರವಣಿಗೆಯನ್ನು ಬೆರಳಚ್ಚು ಮಾಡಿದ ಸೊಸೆಗೆ, ಆಸ್ಪತ್ರೆಯಿಂದ ಬಂದ ಮೇಲೆ ಪ್ರತಿ ಭಾನುವಾರ ನನ್ನನ್ನು ಆಟೋದಲ್ಲಿ ಕರೆದೊಯ್ದು ಕರೆತಂದ ನೆರೆಮನೆಯವರಿಗೆ ನಾನು ಋಣಿ. ತಿದ್ದುಪಡಿಗಳನ್ನು ಸೇರಿಸಿದ ಉಪನ್ಯಾಸದ ಪ್ರತಿಯನ್ನು ಗ್ರಂಥಾಲಯದಲ್ಲಿ ಇರಿಸಿದ್ದೇನೆ. ಆಸಕ್ತರು ಕೇಳಿ ಪಡೆದು ಓದಬಹುದು.