ನಾಲ್ಕು ಟೇಬಲ್ ಬದಲು ಇನ್ನು ಒಂದೇ ಯುದ್ಧ: ನಮ್ಮ ಆಟದ ದಿನದ ಬಗ್ಗೆ ಗ್ರಾಹಕರಿಗೆ ಪತ್ರ

ಕೋಲಾರ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಪ್ರತಿ ತಿಂಗಳ ಮೂರನೇ ಭಾನುವಾರ ನಮ್ಮ ಅಂಗಡಿಯ ಮಹಡಿಯಲ್ಲಿ ನಡೆಯುತ್ತಿದ್ದ, ಗೊಂಬೆ ಸೈನ್ಯ ಇಟ್ಟು ದಾಳ ಉರುಳಿಸಿ ಟೇಬಲ್ ಮೇಲೆ ಆಡುವ ಯುದ್ಧದಾಟದ ದಿನ ಮುಂದಿನ ತಿಂಗಳಿಂದ ಎರಡನೇ ಶನಿವಾರ ನಡೆಯುತ್ತದೆ. ಸಮಯ ಅದೇ, ಬೆಳಿಗ್ಗೆ 10ರಿಂದ ಸಂಜೆ 5. ಭಾನುವಾರ ಮದುವೆ, ಗೃಹಪ್ರವೇಶ ಅಂತ ಅರ್ಧ ಜನಕ್ಕೆ ಬರಲು ಆಗುತ್ತಿರಲಿಲ್ಲ. ಎರಡನೇ ಶನಿವಾರ ಬ್ಯಾಂಕಿಗೂ ಸರ್ಕಾರಿ ಕಚೇರಿಗೂ ರಜೆ ಇರುತ್ತದೆ. ಇದು ಸಣ್ಣ ಬದಲಾವಣೆ. ದೊಡ್ಡದು ಇನ್ನೊಂದಿದೆ.

ಇಲ್ಲಿವರೆಗೆ ನಾಲ್ಕು ಟೇಬಲ್ ಹಾಕುತ್ತಿದ್ದೆವು. ಒಂದೊಂದರಲ್ಲಿ ಇಬ್ಬರು ತಮ್ಮ ತಮ್ಮ ಸೈನ್ಯ ತಂದು ಆಡುತ್ತಿದ್ದರು. ಕಳೆದ ತಿಂಗಳು 8 ಜನ ಆಡಿದರು, 11 ಜನ ಗೋಡೆಗೆ ಒರಗಿ ನೋಡಿದರು. ಮಾಲೂರಿನಿಂದ ಬಂದಿದ್ದ ಒಬ್ಬ ಹುಡುಗ ಸಂಜೆವರೆಗೂ ಒಂದು ದಾಳ ಉರುಳಿಸದೆ ವಾಪಸ್ ಹೋದ. ಅವನಿಂದಲೂ 200 ರೂಪಾಯಿ ತೆಗೆದುಕೊಂಡಿದ್ದೆವು. ಅದು ನಮ್ಮದೇ ತಪ್ಪು. ಸ್ವಂತ ಸೈನ್ಯ ಇಲ್ಲದವರಿಗೆ ನಮ್ಮಲ್ಲಿ ಜಾಗವೇ ಇರಲಿಲ್ಲ.

ಹಾಗಾಗಿ ನಾಲ್ಕನ್ನೂ ಸಾಲಾಗಿ ಜೋಡಿಸಿ ಒಂದೇ ಟೇಬಲ್ ಮಾಡುತ್ತಿದ್ದೇವೆ. 16 ಅಡಿ ಉದ್ದ, 6 ಅಡಿ ಅಗಲ. ಅದಕ್ಕಿಂತ ಅಗಲವಾದರೆ ನಡುವಿನ ಗೊಂಬೆಗೆ ಕೈ ಎಟುಕುವುದಿಲ್ಲ. ಅದರ ಮೇಲೆ ಒಂದೇ ಯುದ್ಧ, ಎರಡು ತಂಡ. ಸೈನ್ಯ ನಮ್ಮದು.

ಮೊದಲ ಯುದ್ಧ ನಮ್ಮ ಮುಳಬಾಗಿಲಿನದು. 1768ರ ಅಕ್ಟೋಬರ್. ಒಂದು ಕಡೆ ನಮ್ಮ ಬೂದಿಕೋಟೆಯಲ್ಲೇ ಹುಟ್ಟಿದ ಹೈದರ್ ಅಲಿ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ವುಡ್. ಬಂಡೆಗಳ ನಡುವೆ ವುಡ್‌ನ ಸೈನ್ಯ ಸೋಲುವ ಹಂತಕ್ಕೆ ಬಂದಿತ್ತು. ಆಗ ಹಿಂದೆ ಸಾಮಾನು ಸರಂಜಾಮು ಕಾಯುತ್ತಿದ್ದ ಕ್ಯಾಪ್ಟನ್ ಬ್ರೂಕ್ ಎರಡು ಫಿರಂಗಿಗಳನ್ನು ಮರೆಯಲ್ಲೇ ಒಂದು ಬಂಡೆಯ ಮೇಲೆ ಏರಿಸಿದ. ಗುಂಡು ಹಾರಿಸುತ್ತಾ ಅವನೂ ಅವನ ಜೊತೆಗಿದ್ದ ಗಾಯಾಳುಗಳೂ 'ಸ್ಮಿತ್! ಸ್ಮಿತ್!' ಅಂತ ಕೂಗಿದರು. ಕಂಪನಿಯ ಇನ್ನೊಂದು ದಂಡಿನ ನಾಯಕ ಕರ್ನಲ್ ಸ್ಮಿತ್ ಅಲ್ಲಿ ಇರಲೇ ಇಲ್ಲ. ಆದರೆ ಅವನ ದಂಡು ಬಂದೇಬಿಟ್ಟಿತು ಅಂತ ಎರಡೂ ಕಡೆಯವರು ನಂಬಿದರು. ಹೈದರನ ಪಡೆ ಹಿಂದೆ ಸರಿಯಿತು, ವುಡ್‌ಗೆ ಸುಧಾರಿಸಿಕೊಳ್ಳಲು ಸಮಯ ಸಿಕ್ಕಿತು.

ಈಗ ಯೋಚಿಸಿ. ಎಲ್ಲವೂ ಎಲ್ಲರಿಗೂ ಕಾಣುವ ಟೇಬಲ್‌ನಲ್ಲಿ ಬ್ರೂಕ್‌ನ ಉಪಾಯ ನಡೆಯುತ್ತದಾ? ಸ್ಮಿತ್ ಇಲ್ಲ ಅನ್ನೋದು ಹೈದರನ ಕಡೆ ಆಡುವವರಿಗೆ ಮೊದಲೇ ಕಂಡಿರುತ್ತದೆ, ಅಲ್ವಾ? ಅದಕ್ಕೇ ಎರಡೂ ತಂಡಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸುತ್ತೇವೆ. ಟೇಬಲ್ ಹತ್ತಿರ ಇರುವುದು ಅಂಪೈರ್ ಮಾತ್ರ. ಇದು ನಮ್ಮ ಹೊಸ ಕಲ್ಪನೆಯಲ್ಲ. 1824ರಲ್ಲಿ ಪ್ರಷ್ಯಾದ (ಈಗಿನ ಜರ್ಮನಿಯ ಕಡೆಯ ಹಳೇ ರಾಜ್ಯ) ಸೇನೆ ತನ್ನ ಅಧಿಕಾರಿಗಳಿಗೆ ಕಲಿಸಿದ ಆಟದಲ್ಲೂ ಎಲ್ಲವೂ ಎಲ್ಲರಿಗೂ ಕಾಣುತ್ತಿರಲಿಲ್ಲ. ಆಜ್ಞೆ ಚೀಟಿಯಲ್ಲಿ ಬರೆಯಬೇಕು, ಅಂಪೈರ್ ತೋರಿಸಿದಷ್ಟೇ ಕಾಣುತ್ತದೆ.

ಆ ಚೀಟಿ ಒಯ್ಯುವವರು ಹರಿಕಾರರು. ಈ ಪದಕ್ಕೆ ಈಗ ಬೇರೆ ಅರ್ಥವೇ ಜಾಸ್ತಿ ಬಳಕೆಯಲ್ಲಿದೆ. ಹಿಂದೆ ಹರಿಕಾರ ಅಂದರೆ ಸುದ್ದಿ ಒಯ್ಯುವವನು. ಮೊದಲ ಸಲ ಬಂದವರಿಗೆಲ್ಲ ಈ ಕೆಲಸ. ಕೋಣೆಯಿಂದ ಟೇಬಲ್‌ಗೆ ಓಡಾಡುತ್ತಾ ಅವರು ಎರಡೂ ಕಡೆಯ ಯುದ್ಧ ನೋಡುತ್ತಾರೆ. ಚೀಟಿ ತಲುಪುವುದು ತಡವಾದರೆ ಏನಾಗುತ್ತದೆ ಅನ್ನೋದು ಅವರಿಗಿಂತ ಚೆನ್ನಾಗಿ ಯಾರಿಗೂ ತಿಳಿಯುವುದಿಲ್ಲ. ಅವರಿಗೆ ಶುಲ್ಕ ಇಲ್ಲ. ಉಳಿದವರಿಗೆ 150 ರೂಪಾಯಿ. ಮೂರು ತಿಂಗಳಿಗೆ ಮುಂಗಡ ಕೊಟ್ಟವರಿಗೆ ಹೆಚ್ಚಿನ ಹಣ ವಾಪಸ್, ಕೌಂಟರ್‌ನಲ್ಲಿ ಕೇಳಿ ಪಡೆಯಿರಿ. ಊಟದ ಹೊತ್ತಲ್ಲಿ ಎರಡೂ ತಂಡ ಒಟ್ಟಿಗೆ ಮುದ್ದೆ ಊಟಕ್ಕೆ ಹೋಗಬಹುದು, ಯುದ್ಧದ ಮಾತು ಮಾತ್ರ ಬೇಡ.

28 ಮಿಲಿಮೀಟರ್ ಎತ್ತರದ ಗೊಂಬೆಗಳಿಗೆ ವರ್ಷಗಟ್ಟಲೆ ಬಣ್ಣ ಹಚ್ಚಿರುವ ನಮ್ಮ ಹಳೇ ಗ್ರಾಹಕರಿಗೆ ಬೇಜಾರಾಗುತ್ತದೆ ಅಂತ ಗೊತ್ತು. ನಿಮ್ಮ ಕೈಕೆಲಸ ನೋಡಿಯೇ ಎಷ್ಟೋ ಜನ ಮೆಟ್ಟಿಲು ಹತ್ತಿ ಬಂದರು. ಆದರೆ ಆ ಅಳತೆಯಲ್ಲಿ 100 ಮೀಟರ್ ಎತ್ತರದ ಬೆಟ್ಟ ಮಾಡಿದರೆ 6 ಅಡಿ ಆಗುತ್ತದೆ, ಟೇಬಲ್ ಮೇಲೆ ನಿಲ್ಲಿಸೋಕೆ ಸಾಧ್ಯವಿಲ್ಲ. ನಮ್ಮ ಸೈನ್ಯದ 6 ಮಿಲಿಮೀಟರ್ ಗೊಂಬೆಗೆ ಅದೇ ಬೆಟ್ಟ ಸುಮಾರು ಒಂದು ಅಡಿ. ಸುತ್ತ ಒಂದೂವರೆ ಕಿಲೋಮೀಟರ್ ಉದ್ದದ ಬಯಲಿಗೂ ಜಾಗ ಸಿಗುತ್ತದೆ. ನಿಮ್ಮ ಸೈನ್ಯಗಳಿಗೆ ಪ್ರತಿ ಬುಧವಾರ ಸಂಜೆ ಕೆಳಗಿನ ಹಿಂದಿನ ಕೋಣೆಯಲ್ಲಿ ಒಂದು ಟೇಬಲ್ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಸಾಧ್ಯವಾದರೆ ನಿಮ್ಮಲ್ಲಿ ಯಾರಾದರೂ ಅಂಪೈರ್ ಆಗಿ. ನಿಯಮ ನಿಮಗಿಂತ ಚೆನ್ನಾಗಿ ಬಲ್ಲವರು ನಮ್ಮಲ್ಲಿಲ್ಲ.

ಬರುವವರು ಆಟದ ಶನಿವಾರಕ್ಕೆ ಹಿಂದಿನ ಬುಧವಾರದೊಳಗೆ ಅಂಗಡಿಯ ಪುಸ್ತಕದಲ್ಲಿ ಹೆಸರು ಬರೆಸಿ. ತಂಡ ಮಾಡೋಕೆ ಅದು ಬೇಕು.

ಇನ್ನೂ ಸುಮಾರು 400 ಗೊಂಬೆಗಳಿಗೆ ಬಣ್ಣ ಹಚ್ಚುವುದಿದೆ. ಈ ಭಾನುವಾರ ಮಧ್ಯಾಹ್ನ 3ಕ್ಕೆ ಬನ್ನಿ, ಕುಂಚ, ಬಣ್ಣ ನಾವು ಕೊಡುತ್ತೇವೆ. ಥರ್ಮಾಕೋಲ್‌ನಲ್ಲಿ ಬೆಟ್ಟ ಕೊರೆದಾಗಿದೆ. ಬಂಡೆಗಳಿಗೆ ಯಾವ ಬೂದು ಬಣ್ಣ ಅನ್ನೋದು ಮಾತ್ರ ತೀರ್ಮಾನವಾಗಿಲ್ಲ. ಮುಳಬಾಗಿಲಿನ ಕಡೆಯಿಂದ ಬರುವವರು ಬೆಟ್ಟದ ಬುಡದಿಂದ ಒಂದು ಸಣ್ಣ ಕಲ್ಲು ತಂದುಕೊಡಿ, ಅದನ್ನು ನೋಡಿಕೊಂಡೇ ಕಲಸುತ್ತೇವೆ.

ನಿಮ್ಮ,
ಅಂಗಡಿಯ ಬಳಗ